ಕಲ್ಪಿತ ಕಥೆಯಲ್ಲಿ ಪೂರ್ವಾಪರವಿರೋಧ

ನ್ಯಾಯಸ್ಥಾನದಲ್ಲಿ ನಿನ್ನೆ ಒಂದನ್ನೂ ಇಂದು ಇನ್ನೊಂದನ್ನೂ ಹೇಳಿದ ಸಾಕ್ಷಿಯನ್ನು ಯಾರೂ ನಂಬುವುದಿಲ್ಲ. ವರ್ತಕನು ನಿನ್ನೆ ಬರೆದ ಲೆಕ್ಕವನ್ನು ಇಂದು ತಿದ್ದಿದರೆ ಅದಕ್ಕೆ ಕಾರಣ ಹೇಳಬೇಕಾಗುತ್ತದೆ. ಶಾಸ್ತ್ರಗ್ರಂಥದ ಮೊದಲಿಗೂ ಕೊನೆಗೂ ಹೊಂದಿಕೆ ಇಲ್ಲದಿದ್ದರೆ ಪಂಡಿತರು ಅದನ್ನು ಪೂರ್ವಾಪರವಿರೋಧವೆಂಬ ದೋಷವಾಗಿ ಎಣಿಸುತ್ತಾರೆ. ಆದರೆ ಕಥೆಗಾರನ ವಿಷಯದಲ್ಲಿ ಏನು ಹೇಳತಕ್ಕದ್ದು? ಅವನು ಹೇಳುವುದೆಲ್ಲವೂ ಮೊದಲೇ ಕಲ್ಪಿತ. ಮೊಲಕ್ಕೆ ಕೊಂಬೇ ಇಲ್ಲದಿರುವಾಗ ಅದರ ಉದ್ದ ಎಷ್ಟು ಗೇಣೆಂದು ಕಲಹವಾಡುವುದೇಕೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆ ಮೇಲುನೋಟಕ್ಕೆ ಸಮಂಜಸವಾಗಿಯೇ ತೋರುತ್ತದೆ. ಆದರೂ ಕಥೆ ಕೇಳುತ್ತ ಕುಳಿತ ಐದು ವರ್ಷದ ಮಗು ಸಹ “ನಿನ್ನೆ ನೀನು ಹಾಗೆ ಹೇಳಲಿಲ್ಲವಲ್ಲ, ಅಜ್ಜಿ!” ಎಂದು ತಡೆಯುತ್ತದೆ. ಕಥೆ ನಿಜವಲ್ಲವೆಂಬುದು ಆ ಮಗುವಿಗೂ ಗೊತ್ತು. ಹಾಗಿದ್ದೂ ಅದು ತಡೆಯುವುದೇಕೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿಚಾರಕ್ಕೆ ಒಂದು ನಿದರ್ಶನ ಬೇಕು. ಪುರಾಣಗಳಿಂದಲೋ ಮಹಾಕಾವ್ಯಗಳಿಂದಲೋ ಅದನ್ನು ತೆಗೆದುಕೊಂಡರೆ ಶ್ರದ್ಧೆಯ ಪ್ರಶ್ನೆಯೂ ಪಾಠಾಂತರಗಳ ಪ್ರಶ್ನೆಯೂ ಜೊತೆಗೆ ಬಂದು ವಿಷಯವು ಜಟಿಲವಾಗುತ್ತದೆ. ಅದಕ್ಕಿಂತ ಈ ಕಾಲದ ತರುಣರು ಮನೆಯಲ್ಲಿ ಕುಳಿತು ಆಡುವ ಕಂಪ್ಯೂಟರ್ ಆಟದ ಒಂದು ಕಥಾಮಾಲೆ ಈ ಪರೀಕ್ಷೆಗೆ ಹೆಚ್ಚು ಅನುಕೂಲವಾಗಿದೆ. ಆಟವೆಂಬ ಮಾತ್ರಕ್ಕೆ ಹಿರಿಯರು ಇದನ್ನು ಅಲಕ್ಷ್ಯಮಾಡಬೇಕಾಗಿಲ್ಲ. ಆಡುವವನು ಇಲ್ಲಿ ಕಥೆಯನ್ನು ಕೇಳುವುದಷ್ಟೇ ಅಲ್ಲ, ನಾಯಕನ ಸ್ಥಾನದಲ್ಲಿ ನಿಂತು ಅದನ್ನು ತನ್ನ ಕೈಯಿಂದಲೇ ನಡೆಯಿಸುತ್ತಾನೆ. ಆದ್ದರಿಂದ ಕಥೆಯ ಮಾತು ತಪ್ಪಿದಾಗ ಅವನಿಗೆ ತಾಗುವ ಪೆಟ್ಟೂ ಓದುಗನಿಗೆ ತಾಗುವುದಕ್ಕಿಂತ ಒಂದು ಕೈ ಹೆಚ್ಚು.

ಆ ಮಾಲೆಯ ಹೆಸರು ‘ಡೆಡ್ ಸ್ಪೇಸ್’. ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ಒಂದು ಶಾಖೆಯವರು 2008ರಲ್ಲಿ ಇದರ ಮೊದಲ ಆಟವನ್ನೂ, 2011ರಲ್ಲಿ ಎರಡನೆಯದನ್ನೂ, 2013ರಲ್ಲಿ ಮೂರನೆಯದನ್ನೂ ಹೊರತಂದರು. ಭೀಭತ್ಸವೂ ಭಯಾನಕವೂ ಇದರ ಪ್ರಧಾನ ರಸಗಳು. ಕಥೆ ಇಂದಿಗೆ ಸುಮಾರು ಐದು ಶತಮಾನಗಳಾಚೆ ನಡೆಯುತ್ತದೆ. ಇಶಿಮುರ ಎಂಬ ಮಹಾನೌಕೆ ದೂರದ ಗ್ರಹಗಳನ್ನು ಒಡೆದು ಅದಿರು ತೆಗೆಯುವ ಕೆಲಸದಲ್ಲಿದೆ. ಅದು ಏಜಿಸ್ 7 ಎಂಬ ಗ್ರಹದ ಬಳಿ ಮೌನವಾಗಿಬಿಡುತ್ತದೆ. ಕೆಟ್ಟುದನ್ನು ಸರಿಪಡಿಸಲು ಹೋದವರಲ್ಲಿ ಐಸಾಕ್ ಕ್ಲಾರ್ಕ್ ಎಂಬ ಎಂಜಿನಿಯರನೊಬ್ಬ. ವಿಜ್ಞಾನಕಥೆಗಳ ಇಬ್ಬರು ಪ್ರಸಿದ್ಧ ಲೇಖಕರಾದ ಐಸಾಕ್ ಅಸಿಮೊವ್ ಮತ್ತು ಆರ್ಥರ್ ಕ್ಲಾರ್ಕ್ ಇವರ ಹೆಸರುಗಳನ್ನು ಕೂಡಿಸಿ ಅವನಿಗೆ ನಾಮಕರಣ ಮಾಡಿದ್ದಾರೆ. ಅವನ ಪ್ರಿಯೆ ನಿಕೋಲ್ ಆ ನೌಕೆಯಲ್ಲಿ ವೈದ್ಯಳಾಗಿದ್ದಳು. ಅವನು ಅಲ್ಲಿ ಕಾಣುವುದು ಸತ್ತವರ ದೇಹಗಳು ವಿಕಾರರೂಪ ತಾಳಿ ಎದ್ದು ನಡೆಯುವ ಘೋರವನ್ನು. ಆ ಘೋರಕ್ಕೂ ಗ್ರಹದ ಮೇಲೆ ದೊರೆತ ಒಂದು ಕೆಂಪು ಸ್ತಂಭಕ್ಕೂ ಸಂಬಂಧವಿದೆ.

ಆಟದಲ್ಲಿ ಆ ಸ್ತಂಭವನ್ನು ‘ಮಾರ್ಕರ್’ ಎನ್ನುತ್ತಾರೆ. ಗುರುತಿನ ಕಂಬವೆಂದು ಅರ್ಥ. ಎರಡು ಕೊಂಬುಗಳು ಒಂದಕ್ಕೊಂದು ಹೆಣೆದುಕೊಂಡು ಮೇಲೇರಿದಂತೆ ಅದರ ಆಕಾರ. ಮೈಮೇಲೆಲ್ಲ ಯಾರೂ ಓದಲಾರದ ಲಿಪಿ. ಅದರ ಸಮೀಪಕ್ಕೆ ಬಂದವರ ಬುದ್ಧಿ ಕಲಕುತ್ತದೆ, ಸತ್ತ ಬಂಧುಗಳು ಎದುರಿಗೆ ನಿಂತು ಮಾತನಾಡಿದಂತೆ ಕಾಣುತ್ತದೆ. ಮೂಲಸ್ತಂಭವು ಕಪ್ಪಾದುದೆಂದೂ, ಅದು ಭೂಮಿಯಲ್ಲಿಯೇ ಸಿಕ್ಕಿತೆಂದೂ, ಏಜಿಸ್ 7ರಲ್ಲಿರುವ ಕೆಂಪು ಸ್ತಂಭವು ಅದನ್ನು ನೋಡಿ ಮನುಷ್ಯರೇ ಮಾಡಿದ ಪ್ರತಿಯೆಂದೂ ಮೊದಲ ಆಟದ ಕೊನೆಯ ಭಾಗದಲ್ಲಿ ತಿಳಿದುಬರುತ್ತದೆ.

ವಿರೋಧವು ಹುಟ್ಟುವುದು ಈ ಸ್ತಂಭದ ಸ್ವಭಾವದಲ್ಲಿ. ಮೊದಲ ಆಟದಲ್ಲಿ ಅದು ಭಯಂಕರವಾದರೂ ಕೇಡನ್ನು ತಡೆಹಿಡಿದಿರುವ ವಸ್ತು. ಅದು ತನ್ನ ಪೀಠದ ಮೇಲೆ ಇರುವವರೆಗೆ ನೆಲದಡಿಯ ಮಹಾಜೀವಿ ನಿದ್ರಿಸುತ್ತದೆ. ಅದನ್ನು ಪೀಠದಿಂದ ಕಿತ್ತು ನೌಕೆಗೆ ಸಾಗಿಸಿದ್ದೇ ಅನರ್ಥಕ್ಕೆ ಕಾರಣವೆಂದು ಡಾಕ್ಟರ್ ಕೈನ್ ಎಂಬ ವಿಜ್ಞಾನಿ ಹೇಳುತ್ತಾನೆ. ನಿಕೋಲಳ ರೂಪವೂ ಐಸಾಕನನ್ನು ಅದೇ ಕಾರ್ಯಕ್ಕೆ ಪ್ರೇರಿಸುತ್ತದೆ. ಅವನು ಅಷ್ಟು ಕಷ್ಟಪಟ್ಟು ಸ್ತಂಭವನ್ನು ಪೀಠಕ್ಕೆ ಸೇರಿಸುತ್ತಾನೆ. ಕೆಂಡ್ರಾ ಎಂಬವಳು ಅದನ್ನು ಮತ್ತೆ ಕದ್ದೊಯ್ಯಲು ಹೋದಾಗ ಆ ಮಹಾಜೀವಿ ಎದ್ದು ಬಂದು ಅವಳನ್ನು ಕೊಲ್ಲುತ್ತದೆ. ಕೈನನ ಮಾತು ಹೀಗೆ ಫಲದಿಂದಲೇ ಸಿದ್ಧವಾಯಿತು.

ಎರಡನೆಯ ಆಟದಲ್ಲಿ ಚಿತ್ರವೇ ಬೇರೆ. ಶನಿಗ್ರಹದ ಉಪಗ್ರಹವಾದ ಟೈಟನ್ನಿನ ಬಳಿಯ ನೆಲೆಯಲ್ಲಿ ಸರ್ಕಾರವು ಹೊಸ ಸ್ತಂಭವೊಂದನ್ನು ನಿರ್ಮಿಸಿದೆ. ಅದರ ರಚನೆಯ ರಹಸ್ಯವು ಐಸಾಕನ ಮಿದುಳಿನಲ್ಲಿಯೇ ಅಚ್ಚೊತ್ತಿತ್ತು. ಇಲ್ಲಿ ಸ್ತಂಭವು ಕೇಡನ್ನು ತಡೆಯುವುದಿಲ್ಲ, ಅದೇ ಕೇಡಿನ ಬೀಜ. ಸತ್ತವರನ್ನೆಲ್ಲ ಒಂದುಗೂಡಿಸಿ ನುಂಗುವುದೇ ಅದರ ಉದ್ದೇಶ. ಹಿಂದೆ ಪೀಠದ ಕಡೆಗೆ ದಾರಿ ತೋರಿದ ನಿಕೋಲಳ ರೂಪವು ಈಗ ಐಸಾಕನನ್ನೇ ಆಹುತಿಯಾಗಿ ಕೇಳುತ್ತದೆ. ಮೂರನೆಯ ಆಟದಲ್ಲಿ ಇನ್ನೂ ಒಂದು ಹೆಜ್ಜೆ: ಜೀವರಾಶಿಯನ್ನು ತಿಂದು ಬೆಳೆದ ಚಂದ್ರಾಕಾರದ ಮಹಾಭೂತಗಳು ಆಕಾಶದಲ್ಲಿವೆ, ಸ್ತಂಭಗಳು ಅವು ಲೋಕಲೋಕಗಳಿಗೆ ಒಡ್ಡಿದ ಬಲೆ. ಹಾಗಾದರೆ ಪೀಠದ ಮಾತೇನಾಯಿತು? ಬಲೆ ಒಡ್ಡಿದವನೇ ಬಲೆಗೆ ಬೀಳಬೇಕಾದ ಮೃಗವನ್ನು ಎಚ್ಚರಿಸುವನೆ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಮೊದಲ ಕಥೆಯ ಸಾರವೆಲ್ಲ ಒಂದು ಕಾರ್ಯದಲ್ಲಿ ಅಡಗಿದೆ. ಮನುಷ್ಯರು ತಮ್ಮದಲ್ಲದುದನ್ನು ಅದರ ಸ್ಥಾನದಿಂದ ಕಿತ್ತರು. ಪ್ರಿಯೆಯನ್ನು ಕಳೆದುಕೊಂಡ ಒಬ್ಬ ಸಾಮಾನ್ಯ ಕೆಲಸಗಾರನು ಅದನ್ನು ಹಿಂದಿರುಗಿಸಿದನು. ತಪ್ಪಿಗೆ ಪ್ರಾಯಶ್ಚಿತ್ತ ಉಂಟೆಂಬ ಅರ್ಥವು ಆ ಭಯಾನಕ ಕಥೆಗೆ ಒಂದು ಘನತೆಯನ್ನು ತಂದುಕೊಟ್ಟಿತ್ತು. ಮುಂದಿನ ಕಥೆಯ ಪ್ರಕಾರ ಅವನು ಮಾಡಿದ್ದು ಪ್ರಾಯಶ್ಚಿತ್ತವೇ ಅಲ್ಲ, ಒಬ್ಬ ವಂಚಕನ ಸೇವೆ. ಹಿಂದೆ ಸತ್ಕಾರ್ಯವೆಂದು ತೋರಿಸಿದ್ದನ್ನು ಮುಂದೆ ಬಂದ ಕಥೆಗಾರನು ವ್ಯರ್ಥವೆಂದು ಹೇಳಬಹುದೇ? ಹೇಳಿದರೆ ಯಾವ ನಿಯಮಕ್ಕೆ ಒಳಪಟ್ಟು ಹೇಳಬೇಕು? ಪ್ರಶ್ನೆ ಇಲ್ಲಿ ನಿಂತಿದೆ.

ಈ ಮಾಲೆಯ ಅಭಿಮಾನಿಗಳಲ್ಲಿ ಅನೇಕರು ಒಂದು ಸಮಾಧಾನವನ್ನು ಕೊಡುತ್ತಾರೆ. ಸ್ತಂಭವು ಮನಸ್ಸನ್ನು ಭ್ರಮೆಗೊಳಿಸುವ ವಸ್ತು; ಆದ್ದರಿಂದ ಮೊದಲ ಆಟದಲ್ಲಿ ಕೇಳಿದ್ದೆಲ್ಲವೂ ಅದರ ಮೋಸವೇ ಇರಬೇಕು; ವಿರೋಧವೆಂದು ತೋರುವುದು ವಿರೋಧವಲ್ಲ, ಮೊದಲಿಂದ ಕೊನೆಯವರೆಗೂ ಒಂದೇ ತಾತ್ಪರ್ಯ ಎಂಬುದು ಅವರ ವಾದ. ಈ ವಾದದ ಕ್ರಮವು ಇಲ್ಲಿಯ ವಿದ್ಯಾವಂತರಿಗೆ ಹೊಸದಲ್ಲ. ಮೀಮಾಂಸಕರು ಏಕವಾಕ್ಯತೆ ಎನ್ನುವುದು ಇದನ್ನೇ: ಬೇರೆಬೇರೆಯಾಗಿ ತೋರುವ ಮಾತುಗಳನ್ನು ಒಂದೇ ಅಭಿಪ್ರಾಯಕ್ಕೆ ಹೊಂದಿಸಿ ಅರ್ಥಮಾಡುವುದು. ಆದರೆ ಅವರು ಹಾಗೆ ಮಾಡಲು ಒಂದು ಆಧಾರವಿತ್ತು. ವೇದವು ಅಪೌರುಷೇಯ, ಅದಕ್ಕೆ ಕರ್ತೃವಿಲ್ಲ, ಆದ್ದರಿಂದ ಕರ್ತೃವಿನ ದೋಷವೂ ಇಲ್ಲ ಎಂಬುದು ಅವರ ಸಿದ್ಧಾಂತ. ಮನುಷ್ಯನು ಆಡಿದ ಮಾತಿಗೆ ಈ ರಿಯಾಯಿತಿ ಇಲ್ಲ. ಪುರುಷವಾಕ್ಯಕ್ಕೆ ನಾಲ್ಕು ದೋಷಗಳು ತಟ್ಟಬಹುದೆಂದು ಹಿಂದಿನವರೇ ಎಣಿಸಿಟ್ಟಿದ್ದಾರೆ: ಒಂದನ್ನು ಇನ್ನೊಂದಾಗಿ ತಿಳಿಯುವ ಭ್ರಮ, ಎಚ್ಚರ ತಪ್ಪುವ ಪ್ರಮಾದ, ಮೋಸಮಾಡುವ ಇಚ್ಛೆಯಾದ ವಿಪ್ರಲಿಪ್ಸೆ, ಸಾಧನಗಳು ಸಾಲದೆ ಬರುವ ಕರಣಾಪಾಟವ.

ಕಥೆಯಲ್ಲಿ ವಿರೋಧ ಕಂಡಾಗ ಅದು ಈ ನಾಲ್ಕರಲ್ಲಿ ಯಾವುದರಿಂದ ಬಂತೆಂದು ಕೇಳುವುದು ನ್ಯಾಯವಾದ ವಿಚಾರ. ಅಭಿಮಾನಿಯಾದವನು ಕೇಳುವುದಿಲ್ಲ, ಪ್ರತಿಸಲವೂ ವಿಪ್ರಲಿಪ್ಸೆಯನ್ನೇ ಆರಿಸುತ್ತಾನೆ. ಕಥೆಗಾರನು ಬೇಕೆಂದೇ ಮರೆಮಾಡಿದನು, ಸ್ತಂಭವು ಬೇಕೆಂದೇ ಸುಳ್ಳು ಹೇಳಿತು ಎನ್ನುತ್ತಾನೆ. ಇದರಿಂದ ಕಥೆಗಾರನಿಗೆ ಪ್ರಮಾದವೆಂಬುದೇ ಇಲ್ಲವೆಂದಾಗಿ, ಅವನು ಅಪೌರುಷೇಯ ಪದವಿಗೆ ಏರಿದಂತಾಗುತ್ತದೆ.

ನಿಜವಾಗಿಯೂ ಉದ್ದೇಶಪೂರ್ವಕವಾಗಿ ಮಾಡಿದ ಮೋಸ ಹೇಗಿರುತ್ತದೆಂಬುದಕ್ಕೆ ಮೊದಲ ಆಟದಲ್ಲಿಯೇ ಉತ್ತಮ ಉದಾಹರಣೆಯಿದೆ. ಐಸಾಕನು ನೌಕೆಯಲ್ಲಿ ನಿಕೋಲಳನ್ನು ಕಾಣುತ್ತಾನೆ, ಅವಳ ನೆರವನ್ನು ಪಡೆಯುತ್ತಾನೆ. ಅವಳು ಬಹು ಮೊದಲೇ ಸತ್ತಿದ್ದಳೆಂಬುದು ಕಡೆಗೆ ಹೊರಬೀಳುತ್ತದೆ. ಇದು ಆಟಗಾರನಿಗೆ ಮಾಡಿದ ವಂಚನೆಯೇ ಸರಿ. ಆದರೆ ಆಟದ 12 ಅಧ್ಯಾಯಗಳಿಗೆ ಇಟ್ಟ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ‘ನಿಕೋಲ್ ಸತ್ತಿದ್ದಾಳೆ’ ಎಂಬ ವಾಕ್ಯವಾಗುತ್ತದೆ. ಸತ್ಯವು ಮೊದಲಿಂದಲೂ ಕಣ್ಣೆದುರಿಗೇ ಇತ್ತು. ನೋಡುವವನು ನೋಡಲಿಲ್ಲ, ಅಷ್ಟೆ. ಕಲಾವಿದನ ಮೋಸಕ್ಕೂ ಮೋಸಗಾರನ ಮೋಸಕ್ಕೂ ಇರುವ ಅಂತರ ಇದೇ. ಕಲಾವಿದನು ಹಿಂದಿರುಗಿ ನೋಡುವವನಿಗೆ ಒಂದು ಗುರುತನ್ನು ಇಟ್ಟಿರುತ್ತಾನೆ. ಪೀಠದ ವಿಷಯದಲ್ಲಿ ಅಂತಹ ಗುರುತು ಮೊದಲ ಆಟದೊಳಗೆ ಕಾಣುವುದಿಲ್ಲ. ಕಾಣುವುದು ಅದಕ್ಕೆ ವಿರುದ್ಧವಾದುದೇ: ಸ್ತಂಭವನ್ನು ತೆಗೆದೊಡನೆ ಜೀವಿ ಏಳುತ್ತದೆ. ಅದು ಒಬ್ಬನ ಕನಸಲ್ಲ. ಕೆಂಡ್ರಾಳ ಸಾವು ಭ್ರಮೆಯಲ್ಲ.

ಕೆಂಪು ಸ್ತಂಭವು ಮನುಷ್ಯರು ಮಾಡಿದ ಪ್ರತಿಯಾದುದರಿಂದ ಅದರ ನಡತೆ ಬೇರೆಯಾಯಿತೆಂದು ಹೇಳುವವರೂ ಇದ್ದಾರೆ. ಯುಕ್ತಿ ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಟೈಟನ್ನಿನ ಸ್ತಂಭವೂ ಮನುಷ್ಯರೇ ಮಾಡಿದ ಪ್ರತಿ. ಅದು ಯಾವ ಕೇಡನ್ನೂ ತಡೆಯಲಿಲ್ಲ. ಒಂದು ಕಡೆ ಹೊಂದಿಸಿದ ಸಮಾಧಾನವು ಇನ್ನೊಂದು ಕಡೆ ಸೋರುತ್ತದೆ. ಪಕ್ಷಪಾತವಿಲ್ಲದೆ ನೋಡಿದರೆ, ಮೊದಲ ಆಟವನ್ನು ಮಾಡಿದಾಗ ಕಥೆಯ ಮುಂದಿನ ಭಾಗವು ಪೂರ್ಣವಾಗಿ ಗೊತ್ತಾಗಿರಲಿಲ್ಲವೆಂದೂ, ಕಥೆ ಬೆಳೆದಂತೆ ಸ್ತಂಭದ ಸ್ವಭಾವವನ್ನು ಬದಲಾಯಿಸಿದರೆಂದೂ ತೋರುತ್ತದೆ. ಇದು ಕರಣಾಪಾಟವ; ಒಂದು ಕಥೆಯನ್ನು ಹಲವು ಜನ, ಹಲವು ವರ್ಷ, ಆಟ ಚಲಚ್ಚಿತ್ರ ಕಾದಂಬರಿಗಳೆಂಬ ಹಲವು ರೂಪಗಳಲ್ಲಿ ಬೆಳೆಯಿಸುವಾಗ ಬರುವ ಸಹಜವಾದ ಕೊರತೆ. ಅದನ್ನು ಕೊರತೆಯೆಂದು ಹೇಳಿದರೆ ಕಥೆಗೆ ಅವಮಾನವಾಗುವುದಿಲ್ಲ.

ಇಂತಹ ಕೊರತೆ ದೊಡ್ಡವರಲ್ಲಿಯೂ ಉಂಟು. ಕಾನನ್ ಡಾಯ್ಲನು 1887ರಲ್ಲಿ ಬರೆದ ಷೆರ್ಲಾಕ್ ಹೋಮ್ಸನ ಮೊದಲ ಕಥೆಯಲ್ಲಿ ಡಾಕ್ಟರ್ ವಾಟ್ಸನನಿಗೆ ಆಫ್ಘನ್ ಯುದ್ಧದಲ್ಲಿ ಗುಂಡು ತಗಲಿದ್ದು ಭುಜಕ್ಕೆ. 1890ರ ಎರಡನೆಯ ಕಥೆಯಲ್ಲಿ ಆ ಗಾಯವು ಕಾಲಿಗೆ ಇಳಿದಿದೆ. ಇದು ಶುದ್ಧ ಪ್ರಮಾದ. ಓದುಗರು ನಕ್ಕು, ತಮಗೆ ತೋಚಿದ ಸಮಾಧಾನಗಳನ್ನು ವಿನೋದಕ್ಕಾಗಿ ಕಟ್ಟಿ, ಕಥೆಯನ್ನು ಮೊದಲಿನಂತೆಯೇ ಪ್ರೀತಿಸಿದರು. ಗಾಯವು ಭುಜದಲ್ಲಿದ್ದರೂ ಕಾಲಿನಲ್ಲಿದ್ದರೂ ವಾಟ್ಸನನ ಸ್ನೇಹಕ್ಕೆ ಕುಂದಿಲ್ಲವಷ್ಟೆ. ಕಥೆಯ ಧರ್ಮಕ್ಕೆ ತಾಗದ ವಿರೋಧವನ್ನು ಕ್ಷಮಿಸುವುದು ಸುಲಭ.

ಟೋಲ್ಕಿನ್ ಎಂಬ ಇಂಗ್ಲಿಷ್ ಲೇಖಕನ ವಿಷಯ ಇದಕ್ಕಿಂತ ಗಂಭೀರ. ಸ್ತಂಭದ ಕಥೆಗೆ ಬಹು ಸಮೀಪವಾದುದೂ ಹೌದು. 1937ರಲ್ಲಿ ಪ್ರಕಟವಾದ ‘ದಿ ಹಾಬಿಟ್’ ಎಂಬ ಅವನ ಕಥೆಯಲ್ಲಿ ಬಿಲ್ಬೋ ಎಂಬವನಿಗೆ ಒಂದು ಉಂಗುರ ಸಿಗುತ್ತದೆ. ಅದರ ಹಿಂದಿನ ಒಡೆಯನಾದ ಗೊಲ್ಲಮ್, ಒಗಟಿನ ಪಂದ್ಯದಲ್ಲಿ ಸೋತರೆ ಅದನ್ನೇ ಬಹುಮಾನವಾಗಿ ಕೊಡಲು ಒಪ್ಪಿದ್ದನು. ಮುಂದಿನ ಬೃಹತ್ಕಥೆಯನ್ನು ಬರೆಯುವಾಗ ಆ ಉಂಗುರವು ಹಿಡಿದವನನ್ನು ಬಿಡದ ಮಹಾಪಾಪದ ವಸ್ತುವಾಯಿತು. ಅಂತಹುದನ್ನು ಯಾರಾದರೂ ಸಂತೋಷದಿಂದ ಕೊಡುವರೆ? ಟೋಲ್ಕಿನ್ 1951ರ ಮುದ್ರಣದಲ್ಲಿ ಆ ಅಧ್ಯಾಯವನ್ನು ತಿದ್ದಿದನು. ತಿದ್ದಿ ಸುಮ್ಮನಾಗಲಿಲ್ಲ. 1954ರಲ್ಲಿ ಬಂದ ಮುಂದಿನ ಕಥೆಯ ಪೀಠಿಕೆಯಲ್ಲಿ, ಮೊದಲಿನ ವೃತ್ತಾಂತವು ಬಿಲ್ಬೋ ತನ್ನ ಹಕ್ಕನ್ನು ಸಾಧಿಸಲು ಹೇಳಿದ ಸುಳ್ಳೆಂದು ತಿಳಿಸಿದನು. ಸತ್ಯವಂತನಾದ ಬಿಲ್ಬೋ ಹೀಗೆ ಸುಳ್ಳು ಹೇಳಿದನಲ್ಲ ಎಂಬುದೇ ಉಂಗುರದ ಮೇಲೆ ಸಂದೇಹ ಹುಟ್ಟಲು ಕಾರಣವಾಯಿತು. ಹಳೆಯ ಪುಸ್ತಕ ಓದಿದವನಿಗೆ ಇದರಿಂದ ವಂಚನೆಯಾಗಲಿಲ್ಲ; ಅವನು ಓದಿದ್ದಕ್ಕೂ ಒಂದು ಅರ್ಥ ಉಳಿಯಿತು. ಬದಲಾಯಿಸುವುದು ಕಥೆಗಾರನ ಸ್ವಾತಂತ್ರ್ಯ. ಬದಲಾಯಿಸಿದ್ದಕ್ಕೆ ಹಳೆಯ ಓದುಗನಿಗೆ ಬೆಲೆ ಕೊಡುವುದು ಅವನ ಋಣ. ಟೋಲ್ಕಿನ್ ಎರಡನ್ನೂ ನಡೆಯಿಸಿದನು.

ಡೆಡ್ ಸ್ಪೇಸಿನ ಕರ್ತೃಗಳು ಈ ಋಣವನ್ನು ತೀರಿಸಿದರೆ? ಎರಡನೆಯ ಮತ್ತು ಮೂರನೆಯ ಆಟಗಳಲ್ಲಿ ಪೀಠದ ಮಾತು ಮರೆಯಾಯಿತೇ ಹೊರತು ಬಗೆಹರಿಯಲಿಲ್ಲ. ಆ ಆಟಗಳನ್ನು ಮಾಡಿದ ಶಾಖೆ 2017ರಲ್ಲಿ ಮುಚ್ಚಿಹೋಯಿತು. 2023ರಲ್ಲಿ ಅದೇ ಸಂಸ್ಥೆಯ ಬೇರೊಂದು ಶಾಖೆಯವರು ಮೊದಲ ಆಟವನ್ನು ಹೊಸದಾಗಿ ರಚಿಸಿದರು. 2008ರಲ್ಲಿ ಮೂಕನಂತಿದ್ದ ಐಸಾಕನು ಇದರಲ್ಲಿ ಮಾತನಾಡುತ್ತಾನೆ. ಎರಡನೆಯ ಸಲ ಆಡುವವರಿಗೆ ದೊರೆಯಬಹುದಾದ ಬೇರೊಂದು ಮುಕ್ತಾಯವೂ ಇದೆ. ಐಸಾಕನ ಮನಸ್ಸು ಆಗಲೇ ಸ್ತಂಭದ ವಶವಾಗಿತ್ತೆಂಬ ಸೂಚನೆ ಅದರಲ್ಲಿದೆ. ಹಳೆಯ ಮುಕ್ತಾಯವನ್ನು ಅಳಿಸದೆ, ಹೊಸದನ್ನು ಅದರ ಪಕ್ಕದಲ್ಲಿ ಇಟ್ಟಿದ್ದಾರೆ. ಸಾಲ ಪೂರ್ತಿ ತೀರಿತೆನ್ನಲಾಗದಿದ್ದರೂ ಸಾಲವಿದೆಯೆಂದು ಒಪ್ಪಿಕೊಂಡಂತಾಯಿತು.

ಇನ್ನು ಐಸಾಕನ ಕಾರ್ಯದ ಬೆಲೆ. ಅವನಿಗೆ ಆಗ ತಿಳಿದಿದ್ದಷ್ಟರಲ್ಲಿ ಅವನು ಸರಿಯಾದುದನ್ನೇ ಮಾಡಿದನು. ಸಂಕಲ್ಪದ ಶುದ್ಧಿಯನ್ನು ಮುಂದೆ ಹೊರಟ ಯಾವ ಸತ್ಯವೂ ಕೆಡಿಸಲಾರದು. ಕೆಡಿಸಬಲ್ಲದು ಫಲವನ್ನು ಮಾತ್ರ. ಲೋಕದಲ್ಲಿಯೂ ಎಷ್ಟೋ ಸತ್ಕಾರ್ಯಗಳು ಮುಂದೆ ವ್ಯರ್ಥವಾಗಿ ತೋರುವುದುಂಟು. ಆದರೆ ಲೋಕದಲ್ಲಿ ಅದು ವಿಧಿ. ಕಥೆಯಲ್ಲಿ ಒಬ್ಬನು ಕುಳಿತು ಮಾಡಿದ ನಿರ್ಧಾರ. ಆದ್ದರಿಂದ ಲೋಕದಲ್ಲಿ ಕೇಳಲಾಗದ ಕಾರಣವನ್ನು ಕಥೆಯಲ್ಲಿ ಕೇಳುವ ಹಕ್ಕು ಓದುಗನಿಗೆ ಇದೆ.

ಈ ಹಕ್ಕನ್ನು ಬಿಟ್ಟುಕೊಟ್ಟವನ ಗತಿ ಏನಾಗುತ್ತದೆಂಬುದನ್ನು ಆ ಕಥಾಮಾಲೆಯೇ ಚಿತ್ರಿಸಿದೆ. ಅದರಲ್ಲಿ ಸ್ತಂಭವನ್ನು ಪೂಜಿಸುವ ಯೂನಿಟಾಲಜಿ ಎಂಬ ಪಂಥವೊಂದುಂಟು. ಮೈಕಲ್ ಆಲ್ಟ್‌ಮನ್ ಎಂಬವನು ಅದರ ಪ್ರವಾದಿ ಮತ್ತು ಹುತಾತ್ಮ. ಆದರೆ 2010ರಲ್ಲಿ ಬಂದ ‘ಮಾರ್ಟರ್’ ಎಂಬ ಕಾದಂಬರಿಯ ಪ್ರಕಾರ ಅವನು ಸ್ತಂಭದ ಅಪಾಯವನ್ನು ಅರಿತು ಎದುರಿಸಿದವನು. ಅವನ ಇಚ್ಛೆಗೆ ವಿರುದ್ಧವಾಗಿ ಅವನ ಹೆಸರಿನಲ್ಲಿ ಮತವನ್ನು ಕಟ್ಟಿದರು. ಭಕ್ತರು ಮಾತ್ರ ಪ್ರತಿಯೊಂದು ಅನರ್ಥದಲ್ಲಿಯೂ ಒಂದು ಶುಭಸಂಕಲ್ಪವನ್ನೇ ಕಾಣುತ್ತಾರೆ. ಸತ್ತವರು ಎದ್ದು ತಿನ್ನಬಂದರೂ ಅದು ಅವರಿಗೆ ಮೋಕ್ಷದ ದಾರಿ. ಯಾವ ಪ್ರಮಾಣದಿಂದಲೂ ಸುಳ್ಳಾಗದ ನಂಬಿಕೆ ಅವರದು. ಎಲ್ಲ ವಿರೋಧಗಳನ್ನೂ “ಅದು ಮೊದಲೇ ಯೋಚಿಸಿದ್ದು” ಎಂದು ನುಂಗಿಬಿಡುವ ಅಭಿಮಾನಿಯು ತಿಳಿಯದೆ ಆ ಪಂಥದ ತರ್ಕವನ್ನೇ ಹಿಡಿದಿದ್ದಾನೆ. ಸ್ತಂಭವು ಎಲ್ಲ ಕಡೆಯೂ ಸುಳ್ಳು ಹೇಳುತ್ತದೆಂದು ಒಪ್ಪಿದ ಮೇಲೆ ಕಥೆಯಲ್ಲಿ ಯಾವ ಮಾತನ್ನೂ ಪರೀಕ್ಷಿಸಲು ಸಾಧ್ಯವಿಲ್ಲ. ಪರೀಕ್ಷಿಸಲಾಗದ ಕಡೆ ನಂಬಿಕೆಗೂ ಅರ್ಥವಿಲ್ಲ.

ಈ ಅಭ್ಯಾಸವು ಆಟದ ಮುಂದೆ ಕುಳಿತಾಗ ಮಾತ್ರ ಇದ್ದರೆ ಚಿಂತೆಯಿಲ್ಲ. ಮನಸ್ಸು ಒಂದೇ, ಕಥೆಯಲ್ಲಿ ಕಲಿತದ್ದನ್ನು ಅದು ಬೇರೆ ಕಡೆಗೂ ಒಯ್ಯುತ್ತದೆ. ಪೂಜ್ಯರಾದವರು, ತನಗೆ ಪ್ರಿಯವಾದ ಸಂಸ್ಥೆ, ತಾನು ನಂಬಿದ ಪಕ್ಷ ಇವರು ಮಾತು ತಪ್ಪಿದಾಗಲೂ “ಅದಕ್ಕೆ ಏನೋ ಗೂಢವಾದ ಕಾರಣವಿರಬೇಕು” ಎಂದು ತಾನೇ ಸಮಾಧಾನ ಕಟ್ಟಿಕೊಡುವ ಚಾಪಲ್ಯ ಮನುಷ್ಯನಿಗೆ ಸಹಜವಾಗಿದೆ. ಅದು ಭಕ್ತಿಯಂತೆ ತೋರುತ್ತದೆ. ಆದರೆ ಪ್ರೀತಿಸಿದವರಲ್ಲಿ ತಪ್ಪನ್ನು ಕಂಡರೆ ಪ್ರೀತಿಯೇ ಹೋದೀತೆಂಬ ಹೆದರಿಕೆ ಅದರ ಮೂಲ. ಅಷ್ಟು ದುರ್ಬಲವಾದ ಪ್ರೀತಿ ಕಥೆಗೂ ಸಲ್ಲದು, ಮನುಷ್ಯರಿಗೂ ಸಲ್ಲದು.

ಕಥೆ ಹೇಳುವ ಅಜ್ಜಿಯನ್ನು ತಡೆದ ಮಗುವಿಗೆ ಉತ್ತರ ಮೂರು ಬಗೆಯಲ್ಲಿ ಬರಬಹುದು. “ಸುಮ್ಮನೆ ಕೇಳು” ಎಂದು ಗದರಿಸುವುದು ಒಂದು. “ನಿನ್ನೆಯೂ ಹೀಗೆಯೇ ಹೇಳಿದ್ದೆ” ಎಂದು ಸಾಧಿಸುವುದು ಇನ್ನೊಂದು. “ಹೌದಪ್ಪ, ನಿನ್ನೆ ಬೇರೆ ಹೇಳಿದ್ದೆ, ಇವತ್ತು ಹೀಗೆ ಹೇಳಿದರೆ ಚೆಂದವೆನಿಸಿತು” ಎನ್ನುವುದು ಮೂರನೆಯದು. ಮೊದಲನೆಯದರಿಂದ ಮಗು ಕೇಳುವುದನ್ನೇ ಬಿಡುತ್ತದೆ. ಎರಡನೆಯದರಿಂದ ತನ್ನ ನೆನಪನ್ನೇ ಸಂದೇಹಿಸಲು ಕಲಿಯುತ್ತದೆ. ಮೂರರಲ್ಲಿ ಇದೇ ಹೆಚ್ಚು ಕೇಡು. ಮೂರನೆಯ ಉತ್ತರವನ್ನು ಕೇಳಿದ ಮಗು ಸ್ವಲ್ಪ ಹೊತ್ತು ಯೋಚಿಸಿ, “ಸರಿ, ಮುಂದೆ ಹೇಳು” ಎನ್ನುತ್ತದೆ. ಕಥೆ ಮುಂದುವರಿಯುವುದಕ್ಕೆ ಅಷ್ಟು ಸಾಕು.